ಖಾಲಿ ಬಿಟ್ಟ ಕಾಲಂ

ಬರೆಯಬೇಕೋ ಬೇಡವೋ? ಅಭಿನಂದನ ಗ್ರಂಥದಲ್ಲಿ ಇಂಥದ್ದನ್ನು ಬರೆಯುವುದುಂಟೇ? ಇದೊಂದನ್ನು ಬಿಟ್ಟು ಬರೆದರೆ ಉಳಿದದ್ದೆಲ್ಲ ನಿಜವಾದೀತೇ? ಹನ್ನೆರಡು ದಿನಗಳಿಂದ ಸುಹಾಸ ಈ ಪ್ರಶ್ನೆಗಳನ್ನು ಪರೇಲಿನ ಚಾಳಿನ ಒಂಟಿಕೋಣೆಯ ಖೋಲಿಯಿಂದ ಪವಾಯಿಯ ಕಚೇರಿಗೆ, ಅಲ್ಲಿಂದ ಮತ್ತೆ ಖೋಲಿಗೆ ಹೊತ್ತು ತಿರುಗಿ ದಣಿದಿದ್ದ. ಗ್ರಂಥದ ಸಂಪಾದಕಿ ನೂರೀನ ಶಾಲೆಯಲ್ಲಿ ಅವನ ಪಕ್ಕದ ಬೆಂಚಿನವಳು. ಅವಳು ಫೋನಿನಲ್ಲಿ ರೇಗಿದಳು:

“ಎಲ್ಲಾರದೂ ಬಂದಾವ, ನಿಂದೊಂದ ಬಾಕಿ. ಮತ್ತ ‘ನಾನು’ ಅಂತ ಬರೀಬ್ಯಾಡ ಮಾರಾಯಾ. ಇಪ್ಪತ್ತೆರಡು ಲೇಖನ ಓದೀನಿ, ಬರೇ ನಾನು, ನಾನು. ಸರ್ ಎಲ್ಲಿ ಅದಾರಂತ ಟಾರ್ಚ್ ಹಚ್ಚಿ ಹುಡುಕಬೇಕು.”

ಆದ್ದರಿಂದ ಈ ಬರಹದಲ್ಲಿ ‘ನಾನು’ ಇಲ್ಲ. ಸುಹಾಸ ಇದ್ದಾನೆ, ಅವನಿಗಿಂತ ಮುಂದೆ ಸರ್ ಇದ್ದಾರೆ.

ಮುಂಬಯಿಯ ಕನ್ನಡ ಶಾಲೆಗಳ ಕಥೆಯನ್ನು ಮುಂದೆ ಯಾರೇ ಬರೆಯಲಿ, ಶ್ರೀ ಹಿರಿಯಣ್ಣನವರ ಹೆಸರಿನ ಬಳಿ ಬಂದಾಗ ಅವರ ಲೇಖನಿ ಸ್ವಲ್ಪ ಹೊತ್ತು ನಿಲ್ಲಲೇಬೇಕು. ತುಮಕೂರಿನ ಕಡೆಯಿಂದ ಬಂದು, ಪರೇಲಿನ ಕನ್ನಡ ಶಾಲೆಯೊಂದರಲ್ಲಿ ಮೂವತ್ತನಾಲ್ಕು ವರ್ಷ ದುಡಿದು, ತರಗತಿಗಳು ವರ್ಷದಿಂದ ವರ್ಷಕ್ಕೆ ಕರಗುತ್ತಿದ್ದರೂ ಹಾಜರಿ ಕರೆಯುವ ದನಿಯನ್ನು ಒಂದಿಷ್ಟೂ ತಗ್ಗಿಸದ ಅವರು ಈ ಮೇ ತಿಂಗಳಲ್ಲಿ ನಿವೃತ್ತರಾಗುತ್ತಿದ್ದಾರೆ. ಪಾಠ ಹೇಳಿದವರು ಅನೇಕರು. ಮಕ್ಕಳ ಎದುರು ತಮ್ಮ ತಪ್ಪನ್ನು ಹೇಳಿಕೊಂಡವರು ಇವರೊಬ್ಬರೇ.

ಶನಿವಾರ ಅರ್ಧ ದಿನದ ಶಾಲೆ ಮುಗಿದ ಮೇಲೆ ಬೆಂಚುಗಳನ್ನು ಗೋಡೆಗೆ ಸರಿಸಿ ಚಾಪೆ ಹಾಸುತ್ತಿದ್ದರು. ಮೇಲಿನ ತರಗತಿಯವರು, ಶಾಲೆ ಬಿಟ್ಟು ಹೋದವರು, ಯಾರು ಬೇಕಾದರೂ ಬಂದು ಕೂರಬಹುದು. ಕಟ್ಟಳೆ ಒಂದೇ: ಆ ವಾರ ತಾವು ಮಾಡಿದ ಒಂದು ತಪ್ಪನ್ನು ಮೊದಲು ಸರ್ ಹೇಳಬೇಕು, ಆಮೇಲೆ ಉಳಿದವರ ಮಾತು. ಮನೆಯಲ್ಲಿ ಕೇಳಲಾಗದ್ದನ್ನು ಅಲ್ಲಿ ಕೇಳಬಹುದಿತ್ತು. ಗಣಪತಿ ಚಂದಾ ಕೇಳಲು ಬಂದವರು ತನ್ನ ಮನೆಯ ಬಾಗಿಲು ಮಾತ್ರ ಯಾಕೆ ತಟ್ಟುವುದಿಲ್ಲ ಎಂದು ನೂರೀನ ಕೇಳಿದ್ದು ಆ ಚಾಪೆಯ ಮೇಲೆ. ಚಾಳಿನವರು ತನ್ನ ಅವ್ವನನ್ನು ಹೆಸರು ಹಿಡಿದು ಕರೆಯದೆ, ಮನೆಗೆಲಸದವಳನ್ನು ಕೂಗಿದಂತೆ ‘ಏ ಬಾಯಿ’ ಅನ್ನುವುದೇಕೆ ಎಂದು ಸುಹಾಸ ಕೇಳಿದ್ದೂ ಅಲ್ಲೇ. ಸರ್ ಎಲ್ಲದಕ್ಕೂ ಉತ್ತರ ಕೊಡುತ್ತಿರಲಿಲ್ಲ. “ಇದು ನಂಗೂ ಗೊತ್ತಿಲ್ಲ ಕಣಪ್ಪ, ಕೂತ್ಕೊಳ್ಳೋಣ ಸ್ವಲ್ಪ” ಎಂದು ಸುಮ್ಮನಾಗುತ್ತಿದ್ದರು. ಆ ಮೌನದಲ್ಲಿ ಕೂರಲು ಸುಹಾಸ ಕಲಿತ. ಬಹುಶಃ ಬೇಕಾದ್ದಕ್ಕಿಂತ ಹೆಚ್ಚಾಗಿಯೇ ಕಲಿತ.

ಐದನೆಯ ತರಗತಿಯಲ್ಲಿ ಅವನು ಒಂಬತ್ತು ದಿನ ಶಾಲೆ ತಪ್ಪಿಸಿದಾಗ ಸರ್ ಖೋಲಿಗೇ ಬಂದರು. ಅವ್ವ ಚಂದ್ರವ್ವ ಸ್ಟೀಲ್ ಲೋಟದಲ್ಲಿ ನೀರು ಕೊಟ್ಟಳು. ಅವರು ಕುಡಿದು, ಹುಡುಗನನ್ನು ಕರೆದುಕೊಂಡು ಹೋದರು. ಮುಂದಿನ ಶನಿವಾರ ಚಾಪೆಯ ಮೇಲೆ ಹೇಳಿದರು: “ಈ ವಾರ ಒಬ್ಬರ ಮನೇಲಿ ನೀರು ಕೊಟ್ರು. ತಗೊಳ್ಳೋಕೆ ಮುಂಚೆ ನನ್ನ ಕೈ ಒಂದು ಗಳಿಗೆ ತಡೀತು. ಕುಡಿದೆ, ಅದು ಬೇರೆ ಮಾತು. ತಡೀತಲ್ಲ, ಅದು ನನ್ನ ತಪ್ಪು.”

ಮನೆಗೆ ಬಂದು ಸುಹಾಸ ಇದನ್ನು ಹೇಳಿದಾಗ ಚಂದ್ರವ್ವ ರೊಟ್ಟಿ ಬಡಿಯುತ್ತಲೇ ಅಂದಳು: “ನಾ ನೋಡೀನಿ ಬಿಡು. ಕೈ ತಡಿಯೋವ್ರು ಊರ ತುಂಬ ಅದಾರ. ಹೇಳಿಕೊಂಡಾವ್ರು ಇವರೊಬ್ಬರ ನೋಡು.”

ಶಾಲೆಗೆ ಸೇರಿಸುವಾಗ ರಿಜಿಸ್ಟರು ತುಂಬುತ್ತಿದ್ದವರು ಸರ್. ಅದರಲ್ಲಿ ಜಾತಿಯ ಕಾಲಂ ಬಂದಾಗ ಅವರು ಒಂದು ಗೀಟು ಎಳೆಯುತ್ತಿದ್ದರು. ಯಾವ ಮಗುವಿನ ಹಣೆಯ ಮೇಲೂ ತಮ್ಮ ಕೈಯಿಂದ ಅದನ್ನು ಬರೆಯುವುದಿಲ್ಲ ಎಂಬುದು ಅವರ ವ್ರತ. ಓದು ಬಾರದ ಅಪ್ಪ ಶರಣಬಸಪ್ಪ ಆ ಗೀಟನ್ನು ನೋಡಿ ಕೈ ಮುಗಿದಿದ್ದನಂತೆ. ಶಾಲೆ ಬಿಡುವಾಗ ಕೊಟ್ಟ ಸರ್ಟಿಫಿಕೇಟಿಗೂ ಅದೇ ಗೀಟು ಇಳಿದು ಬಂತು.

ಹನ್ನೆರಡನೆಯ ತರಗತಿಯ ನಂತರ ಸುಹಾಸನಿಗೆ ಮೀಸಲಾತಿಯಲ್ಲಿ ಇಂಜಿನಿಯರಿಂಗ್ ಸೀಟು ಸಿಕ್ಕಿತು. ಆದರೆ ಜಾತಿಯನ್ನು ದಾಖಲೆಯಿಂದ ದೃಢಪಡಿಸಬೇಕಿತ್ತು. ಬಟ್ಟೆಗಿರಣಿಯ ಕೆಲಸಕ್ಕೆ ಮುಂಬಯಿಗೆ ಬಂದ ಅಜ್ಜನ ಕಾಗದದಲ್ಲಿ ಜಾತಿ ಇತ್ತು, ಅಪ್ಪ ಒಂದೇ ವರ್ಷ ಕೂತೆದ್ದು ಬಂದ ಶಾಲೆಯ ಪುಸ್ತಕದಲ್ಲೂ ಇತ್ತು. ಕಚೇರಿಯ ಗುಮಾಸ್ತ ಕಾಗದಗಳನ್ನು ತಿರುವಿ ಕೇಳಿದ: “ದಾದಾ ಕಾ ಹೈ, ಬಾಪ್ ಕಾ ಹೈ. ತೇರಾ ಕಹಾಂ ಗಯಾ ರೇ?” ಅಜ್ಜನದಿತ್ತು, ಅಪ್ಪನದಿತ್ತು, ಸುಹಾಸನ ಸರ್ಟಿಫಿಕೇಟಿನಲ್ಲಿ ಮಾತ್ರ ಜಾತಿಯ ಜಾಗದಲ್ಲಿ ಗೀಟು ಇತ್ತು. ತಂದೆ ಮಗ ಹದಿನಾಲ್ಕು ಸಲ ಹೋಗಿ ಬಂದರು. ಕಾಗದ ಕೈಗೆ ಬಂದಾಗ ಸೀಟಿನ ಗಡುವು ಮುಗಿದು ಹನ್ನೊಂದು ದಿನವಾಗಿತ್ತು. ಮತ್ತೊಂದು ವರ್ಷ ಕಾಯುವ ಕಸುವು ಮನೆಯಲ್ಲಿ ಉಳಿದಿರಲಿಲ್ಲ.

ಸರ್ ವಿಚಾರಿಸಿದಾಗ ಸುಹಾಸ ಹೇಳಿದ: “ಇಂಜಿನಿಯರಿಂಗಿನ್ಯಾಗ ಮನಸ್ಸಿಲ್ಲರೀ ಸರ್. ಕನ್ನಡ ತಗೊಂಡು ಬಿ.ಎ. ಮಾಡ್ತೀನಿ.”

ಸರ್ ಎರಡೂ ಕೈಗಳಿಂದ ಅವನ ಭುಜ ಹಿಡಿದುಕೊಂಡರು. “ಸೀಟು ಬಿಟ್ಟು ಭಾಷೆ ಆರಿಸ್ಕೊಂಡೆಯಲ್ಲೋ!” ಎಂದು ತಮ್ಮ ಸ್ವಂತದ ನಿಘಂಟನ್ನು ಕೊಟ್ಟರು. ಮೂರು ವರ್ಷ ಚೆಂಬೂರಿನ ತಮ್ಮ ಮನೆಯಲ್ಲಿ ಭಾನುವಾರಗಳಂದು ಪಾಠ ಹೇಳಿದರು. ಅವರ ಮಡದಿ ಸರಸ್ವತಿಯವರು ಊಟ ಹಾಕದೆ ಕಳಿಸಲಿಲ್ಲ. ಹೋದ ಸಭೆಗಳಲ್ಲೆಲ್ಲ ಸರ್ ಈ ಶಿಷ್ಯನ ಕಥೆ ಹೇಳಿದರು. ಸುಹಾಸ ಪ್ರತಿ ಸಲವೂ ತಲೆ ತಗ್ಗಿಸಿದ. ಜನ ಅದನ್ನು ವಿನಯ ಎಂದುಕೊಂಡರು. ಈಗ ಅವನು ಪವಾಯಿಯ ಒಂದು ಕಂಪನಿಯಲ್ಲಿ ಕಟ್ಟಡದ ಉಸ್ತುವಾರಿ ನೋಡುತ್ತಾನೆ. ಇಂಜಿನಿಯರುಗಳು ಕೂರುವ ಮಹಡಿಗಳಲ್ಲಿ ದೀಪ, ಎಸಿ ಸರಿ ಇವೆಯೇ ಎಂದು ತಪಾಸಿಸುವುದು ಅವನ ಕೆಲಸ.

ಕಳೆದ ಜೂನ್‌ನಲ್ಲಿ ಅಕ್ಕನ ಮಗಳು ಧಾತ್ರಿಯನ್ನು ಅದೇ ಶಾಲೆಗೆ ಸೇರಿಸಲು ಹೋದ. ಸರ್ ರಿಜಿಸ್ಟರು ತೆರೆದು, ಹೆಸರು ಬರೆದು, ಆ ಕಾಲಮಿಗೆ ಬಂದು ಗೀಟೆಳೆಯಲು ಪೆನ್ನು ಊರಿದರು.

“ಅಲ್ಲಿ ಬರೀರಿ ಸರ್,” ಎಂದ ಸುಹಾಸ. “ಹೊಲೆಯ ಅಂತ.”

ಸರ್ ಕನ್ನಡಕ ತೆಗೆದರು. “ನಿನ್ನ ಕಾಲದಲ್ಲಿ ಇದು ಬೇಕಿರ್ಲಿಲ್ಲ ಅಲ್ವೇನಪ್ಪಾ?”

ಹೇಳಬಹುದಾಗಿದ್ದ ಗಳಿಗೆ ಅದು. ಸುಹಾಸನ ಬಾಯಿಂದ ಬಂದದ್ದು ಇಷ್ಟೇ: “ಈಗ ಆಫೀಸಿನ್ಯಾಗ ಕೇಳ್ತಾರ್ರೀ ಸರ್.”

ಅವರು ಬರೆದರು. ಮೂರಕ್ಷರ ಬರೆಯಲು ಅಷ್ಟು ಹೊತ್ತು ತೆಗೆದುಕೊಂಡವರನ್ನು ಅವನು ನೋಡಿರಲಿಲ್ಲ. ಧಾತ್ರಿ ಅವರ ಒದ್ದೆ ಕಣ್ಣು ನೋಡಿ, ಮಾಮನ ಅಂಗಿ ಜಗ್ಗಿ ಕೇಳಿದಳು: “ಮಾಮಾ, ಸರ್ ರೋ ರಹೇ ಹೈಂ ಕ್ಯಾ?”

ಆ ಶನಿವಾರ ಸುಹಾಸ ಚಾಪೆಯ ಅಂಚಿನಲ್ಲಿ ಕೂತಿದ್ದ. ಸರ್ ಎಂದಿನಂತೆ ಮೊದಲು ಮಾತಾಡಿದರು. “ಈ ವಾರ ಒಂದು ಮಗುವಿನ ಹೆಸರಿನ ಮುಂದೆ ಜಾತಿ ಬರೆದೆ. ಇಷ್ಟು ವರ್ಷ ಬರೆದಿರ್ಲಿಲ್ಲ. ನನ್ನ ತಪ್ಪು.” ಆಮೇಲೆ, ಎಂದೂ ಕೇಳದವರು, ಕೇಳಿದರು: “ಯಾರಾದ್ರೂ ಏನಾದ್ರೂ ಹೇಳ್ತೀರೇನಪ್ಪಾ?” ಅವರ ನೋಟ ಸುತ್ತಿ ಬಂದು ಅವನ ಮೇಲೆ ನಿಂತಿತು. ಪಕ್ಕದಲ್ಲಿ ಕೂತಿದ್ದ ನೂರೀನ ಮೊಣಕೈಯಿಂದ ಅವನನ್ನು ತಿವಿದಳು. ಅವನು ಚಾಪೆಯ ಎಳೆಯೊಂದನ್ನು ಕೀಳುತ್ತ ಕೂತ.

ಸರ್ ನೊಂದಾರೆಂಬ ಭಯವೋ, ಸಭೆಗಳಲ್ಲಿ ಅವರು ಹೇಳುವ ಆ ಇನ್ನೊಬ್ಬ ಸುಹಾಸನನ್ನು ಕಳೆದುಕೊಳ್ಳುವ ಭಯವೋ, ಅವನಿಗೆ ಇವತ್ತಿಗೂ ತಿಳಿದಿಲ್ಲ. ಇಷ್ಟು ಮಾತ್ರ ಗೊತ್ತು: ಕೈ ತಡೆದ ಒಂದು ಗಳಿಗೆಯನ್ನು ಒಪ್ಪಿಕೊಂಡವರು, ಹೇಳಿದ್ದರೆ, ಇದನ್ನೂ ಕೇಳಿಸಿಕೊಳ್ಳುತ್ತಿದ್ದರು. ಕೇಳಿಸಿಕೊಂಡು, ಮುಂದೆ ಬಂದ ಮಕ್ಕಳ ಕಾಲಮಿನಲ್ಲಿ ಗೀಟೆಳೆಯುವುದನ್ನು ಎಂದೋ ನಿಲ್ಲಿಸುತ್ತಿದ್ದರು.

ನಿವೃತ್ತಿಯ ನಂತರ ಶನಿವಾರದ ಚಾಪೆ ಚೆಂಬೂರಿನ ಅವರ ಮನೆಗೆ ಹೋಗಲಿದೆ. ಹಿರಿಯಣ್ಣ ಸರ್ ಸರಸ್ವತಿಯವರೊಂದಿಗೆ ನೂರು ವರ್ಷ ಆರೋಗ್ಯದಿಂದ ಬಾಳಲಿ, ಪ್ರತಿ ಶನಿವಾರ ಮೊದಲ ಮಾತು ಅವರದೇ ಆಗಿರಲಿ, ಎರಡನೆಯ ಮಾತಾಡುವವರಿಗೆ ಸುಹಾಸನಿಗಿಂತ ಹೆಚ್ಚು ಧೈರ್ಯವಿರಲಿ.

ಜೂನ್‌ನಲ್ಲಿ ಬರೆದ ಮೂರಕ್ಷರ ತಪ್ಪಲ್ಲ, ತನ್ನ ಹೆಸರಿನ ಮುಂದೆ ಎಳೆದ ಗೀಟು ತಪ್ಪು, ತನಗೆ ಇಂಜಿನಿಯರ್ ಆಗುವ ಮನಸ್ಸಿತ್ತು ಎಂದು ಸುಹಾಸ ಸರ್‌ಗೆ ಒಮ್ಮೆಯೂ ಹೇಳಲಿಲ್ಲ.