ತಿಕ್ಕಬಾರದ ಸೂಜಿ

ಸೂಜಿ ಚುಚ್ಚಿದ ಜಾಗಕ್ಕೆ ಹರಳೆಣ್ಣೆ ಹಚ್ಚಿ ತಿಕ್ಕಿ, ಮೇಲೆ ಉಪ್ಪಿನ ಗಂಟಿನ ಶಾಖ ಕೊಡುವುದು ನಮ್ಮ ಮನೆಯ ಕ್ರಮ. ಇಲ್ಲದಿದ್ದರೆ ಕೀವು ಕಟ್ಟುತ್ತದೆಂದು ನನ್ನ ಭಯ. ನನ್ನ ಲೆಕ್ಕದಲ್ಲಿ ಕೀವು ಕಟ್ಟದ ವಸ್ತುವೇ ಇಲ್ಲ. ಮಗಳು ಮಧುಗಿರಿ ಆಸ್ಪತ್ರೆಯಲ್ಲಿ ತೋಳಿಗೆ ಇಂಜೆಕ್ಷನ್ ಹಾಕಿಸಿಕೊಂಡು ಬಂದು ಕೂಸಿನ ಪಕ್ಕ ನಿದ್ದೆ ಹೋದಾಗ, ಚೆನ್ನಾಗಿ ತಿಕ್ಕಿ ಶಾಖ ಕೊಟ್ಟೆ.

ಎಚ್ಚರವಾದವಳು ಕಿರುಚಿದಳು. "ಅವ್ವೋ! ತಿಕ್ಬ್ಯಾಡಿ, ಶಾಖ ಕೊಡ್ಬ್ಯಾಡಿ ಅಂತ ನರ್ಸಮ್ಮ ಬಡ್ಕೊಂಡಿದ್ರು ಕಣವ್ವ!"

ಅದು ಜ್ವರದ ಸೂಜಿಯಲ್ಲ, ಬಸಿರು ತಡೆಯುವ ಸೂಜಿ. ಎರಡನೇ ಸಿಸೇರಿಯನ್ ಆಗಿ ಆರೇ ತಿಂಗಳು. ಇಷ್ಟು ಬೇಗ ಮತ್ತೊಂದು ನಿಂತರೆ ಜೀವಕ್ಕೇ ಅಪಾಯವೆಂದು ಡಾಕ್ಟರು ಹೇಳಿದ್ದರು.

ಮರುದಿನ ಇಬ್ಬರೂ ಆಸ್ಪತ್ರೆಗೆ ಓಡಿದೆವು. ನರ್ಸಮ್ಮ ಪಾವಗಡದ ಕಡೆಯವರು. "ಅಯ್ಯೋ ದೇವುಡಾ, ಮಸಾಜ್ ಬೇರೆ ಮಾಡ್ಬುಟ್ರಾ?" ಎಂದು ನಕ್ಕು, ಬೆರಳ ತುದಿಯಷ್ಟಿದ್ದ ಸೀಸೆಯೊಂದನ್ನು ತೋರಿಸಿದರು. ಒಳಗೆ ಸುಣ್ಣ ಕದಡಿದಂಥ ಬಿಳಿ ನೀರು.

"ಮೈಯೊಳ್ಗೆ ಆಗೋ ಹಾರ್ಮೋನಿನಂಗೇ ಫ್ಯಾಕ್ಟ್ರೀಲಿ ಮಾಡಿರೋದು ಕಣಮ್ಮ. ಮಾಂಸದಾಗೆ ಕುಂತು ಮೂರು ತಿಂಗ್ಳು ಇಷ್ಟಿಷ್ಟೇ ಕರಗ್ತೈತೆ. ಅಲ್ಲೀಗಂಟ ಅಂಡ ಬುಡಬ್ಯಾಡ ಅಂತ ಮಿದುಳಿಗೆ ಹೇಳ್ತಾನೇ ಇರ್ತೈತೆ. ತಿಕ್ಕಿದ್ರೆ ಬಿರ್ರನೆ ಕರಗೋಯ್ತದೆ. ಒಂದ್ಸಲಕ್ಕೆ ಏನೂ ಆಗಾಕಿಲ್ಲ. ಆದ್ರೂ ಮುಂದಿನ ಸೂಜೀಗಂಟ ನಿಮ್ಮಳಿಯ ಕಾಂಡೋಮ್ ಬಳಸ್ಲಿ." ಪೊಟ್ಟಣವನ್ನು ನನ್ನ ಕೈಗೇ ಕೊಟ್ಟರು. ನಾನು ಅದನ್ನು ಪ್ರಸಾದದ ಹಾಗೆ ಸೆರಗಿನಲ್ಲಿ ಮುಚ್ಚಿಕೊಂಡು ಬಂದೆ.

ಬಸ್ಸಿನಲ್ಲಿ ಅದೇ ಯೋಚನೆ. ಚಮಚೆಯ ತಳವೂ ತುಂಬದ ನೀರು ತೋಳಿನಲ್ಲಿ ಕೂತು ತಲೆಗೆ ಸುದ್ದಿ ಮುಟ್ಟಿಸುತ್ತದಂತೆ, ದಿನವೂ, ಮರೆಯದೆ. ನಾನು ಒಲೆಯ ಮೇಲೆ ಹಾಲಿಟ್ಟು ಮರೆಯುವವಳು. ನಮ್ಮವ್ವ ಒಂಬತ್ತು ಹೆತ್ತಳು. ಅವಳ ಮೈಗೆ 'ಸ್ವಲ್ಪ ತಡಿ' ಎನ್ನುವವರು ಯಾರೂ ಇರಲಿಲ್ಲ.

ಮುಂದಿನ ತಿಂಗಳು ಮಗಳು ಮುಟ್ಟಾಗಲಿಲ್ಲ. ಈ ಸೂಜಿಗೆ ಮುಟ್ಟು ನಿಲ್ಲುವುದುಂಟು, ಹೆದರಬೇಡಿ ಎಂದು ನರ್ಸಮ್ಮ ಮೊದಲೇ ಹೇಳಿದ್ದರು. ಹೆದರಬೇಡಿ ಎಂದರೆ ನನಗೆ ಇನ್ನಷ್ಟು ಹೆದರಿಕೆ. ಔಷಧಿ ಅಂಗಡಿಗೆ ಹೋಗಿ ಬಸಿರು ಪರೀಕ್ಷೆಯ ಕಡ್ಡಿ ಕೇಳಿದೆ, ಒಂದಲ್ಲ, ನಾಲ್ಕು. ಅಂಗಡಿಯವನು ನನ್ನ ನರೆಗೂದಲು ನೋಡಿದ. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

ಮಗಳು ಬಚ್ಚಲಿನಿಂದ ಕಡ್ಡಿ ಹಿಡಿದು ಬಂದಳು. "ಒಂದೇ ಗೀಟು ಕಣವ್ವ. ಬಸ್ರಿಲ್ಲ. ಇನ್ನಾರ ಉಸ್ರು ಬುಡು."

ಉಸಿರು ಬಿಟ್ಟೆ. ಅವಳ ತೋಳನ್ನೇ ನೋಡುತ್ತ ನಿಂತೆ. ಚುಚ್ಚಿದ್ದು ಎಲ್ಲೆಂದೂ ಗೊತ್ತಾಗುತ್ತಿರಲಿಲ್ಲ. ಆ ಚರ್ಮದ ಕೆಳಗೆ ಅದು ಇನ್ನೂ ಚೂರುಚೂರೇ ಕರಗುತ್ತ ನನ್ನ ಮಗಳನ್ನು ಕಾಯುತ್ತಿತ್ತು. ಒಮ್ಮೆ ಸವರಬೇಕೆನಿಸಿತು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ.