ಚಿಕ್ಕಮ್ಮ ತಿದ್ದಿದ ಸಾವು

ನಮ್ಮ ಚಿಕ್ಕಮ್ಮನಿಗೆ ಏನು ಕೆಲಸ ಎಂದು ಯಾರಾದರೂ ಕೇಳಿದರೆ ಮನೆಯವರೆಲ್ಲ ಮುಖ ಮುಖ ನೋಡಿಕೊಳ್ಳುತ್ತೇವೆ. ನೀರೆತ್ತುವ ಪಂಪಿನ ಜೊತೆ ಬರುವ ಕೈಪಿಡಿ ಅವಳು ಬರೆದದ್ದು. ಕೆಮ್ಮಿನ ಔಷಧಿಯ ಡಬ್ಬಿಯೊಳಗಿನ ಚೀಟಿಯೂ ಅವಳದೇ. ಒಂದು ಮಕ್ಕಳ ಮಾಸಿಕಕ್ಕೆ ಅವಳೇ ಸಂಪಾದಕಿ. ಸಭೆಗಳಲ್ಲಿ ಚಪ್ಪಾಳೆ ಗಿಟ್ಟಿಸುವ ಮೂವರು ದೊಡ್ಡ ಮನುಷ್ಯರ ಭಾಷಣ ಹುಟ್ಟುವುದು ನಮ್ಮ ಅಡುಗೆಮನೆಯ ಮೇಜಿನ ಮೇಲೆ. ಊಟಕ್ಕೆ ತಟ್ಟೆ ಇಡಬೇಕಾದರೆ ಮೊದಲು ಭಾಷಣ ಎತ್ತಿಡಬೇಕು.

ಅವಳು ಶುರುಮಾಡಿದ್ದು ಒಂದು ಮುದ್ರಣಾಲಯದಲ್ಲಿ, ಕರಡು ತಿದ್ದುವ ಕೆಲಸದಿಂದ. ಆಗ ಅವಳಿಗೆ ಇಪ್ಪತ್ತೆರಡು. ಬರವಣಿಗೆಯಿಂದಲೇ ಬದುಕುತ್ತೇನೆಂದು ಹಟ ಹಿಡಿದಿದ್ದಳು. ಅಕ್ಷರ ತಿಂದರೆ ಹೊಟ್ಟೆ ತುಂಬುತ್ತದೆಯೇ ಎಂದು ಗೊಣಗಿದ ತಾತ ಆರು ತಿಂಗಳ ಗಡುವು ಕೊಟ್ಟಿದ್ದರು. ಅಷ್ಟರಲ್ಲಿ ಕಾಲೂರದಿದ್ದರೆ ನಮ್ಮ ಸೋದರಮಾವನ ಬಟ್ಟೆ ಅಂಗಡಿಯಲ್ಲಿ ಅಳತೆ ಕೋಲು ಹಿಡಿದು ನಿಲ್ಲಬೇಕು.

ಐದನೆಯ ತಿಂಗಳು ಶಿಕ್ಷಕರ ಸಂಘದ ಪತ್ರಿಕೆ ಅಚ್ಚಿಗೆ ಬಂತು. ಅದರಲ್ಲಿ ಗಣಿತದ ನಿವೃತ್ತ ಮೇಷ್ಟ್ರೊಬ್ಬರ ಸುದ್ದಿ: ‘ಮಂಡಿನೋವಿನಿಂದ ಈಚೆಗೆ ತುಸು ನಿಧಾನವಾಗಿದ್ದಾರೆ.’ ಅಕ್ಷರ ಜೋಡಿಸುವವನು ಒಂದು ದೀರ್ಘ ನುಂಗಿಹಾಕಿದ. ಅದು ‘ನಿಧನವಾಗಿದ್ದಾರೆ’ ಎಂದಾಯಿತು. ಚಿಕ್ಕಮ್ಮನ ಕಣ್ಣಿಗೆ ತಪ್ಪು ಬಿತ್ತು, ಆದರೆ ಬೇರೆ ತಪ್ಪು. ಹಿರಿಯರಿಗೆ ‘ನಿಧನರಾಗಿದ್ದಾರೆ’ ಎನ್ನಬೇಕಲ್ಲವೇ ಎಂದು ತಿದ್ದಿದಳು. ಯಾರೂ ತುಸು ಸಾಯುವುದಿಲ್ಲವೆಂದು ‘ತುಸು’ವನ್ನೂ ಹೊಡೆದುಹಾಕಿದಳು. ಮಂಡಿನೋವಿನಿಂದ ಯಾರಾದರೂ ಸಾಯುತ್ತಾರೆಯೇ ಎಂದು ಮಾತ್ರ ಆ ಜಾಣೆಗೆ ಹೊಳೆಯಲಿಲ್ಲ. ಮೂಲಪ್ರತಿ ನೋಡುವ ಗೋಜಿಗೂ ಹೋಗಲಿಲ್ಲ.

ಪತ್ರಿಕೆ ಮನೆಮನೆ ತಲುಪಿತು. ಹಳೆಯ ಶಿಷ್ಯರು ಅಳುತ್ತ ಹೋಗಿ ಬಾಗಿಲು ಬಡಿದರೆ, ತೆರೆದವರು ಮೇಷ್ಟ್ರೇ. ಮುದ್ರಣಾಲಯದ ಮಾಲೀಕರು ಕೆಂಡಾಮಂಡಲವಾಗಿ ಚಿಕ್ಕಮ್ಮನನ್ನು ನಿಂತ ಕಾಲಲ್ಲೇ ಮನೆಗೆ ಕಳಿಸಿದರು. ಅವಳು ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಮೂರನೆಯ ದಿನ ಕ್ಷಮೆ ಕೇಳಲು ಮೇಷ್ಟ್ರ ಮನೆಗೆ ಹೋದಳು.

ಮೇಷ್ಟ್ರು ಬೈಯಲಿಲ್ಲ. ಅತ್ತವರೆಲ್ಲ ತಮ್ಮ ಬಗ್ಗೆ ಹೇಳಿಹೋದ ಒಳ್ಳೆಯ ಮಾತುಗಳನ್ನು ಒಂದು ನೋಟುಪುಸ್ತಕದಲ್ಲಿ ಗುರುತು ಹಾಕಿಕೊಂಡಿದ್ದರು. ಅದನ್ನು ಅವಳ ಮುಂದೆ ತಳ್ಳಿದರು.

“ನಾನು ಸತ್ತಿದ್ದನ್ನ ಬರೆದವಳು ನೀನು ತಾನೇ? ಬದುಕಿದ್ದನ್ನೂ ನೀನೇ ಬರಿಯಮ್ಮ.”

ಚಿಕ್ಕಮ್ಮ ಬರೆದಳು. ಮೂರು ವಾರ ದಿನವೂ ಬೆಳಿಗ್ಗೆ ಹೋಗಿ ಕೂತು, ಕೇಳಿ, ಬರೆದು, ಹರಿದು, ಮತ್ತೆ ಬರೆದಳು. ಅದನ್ನು ಓದಿದ ಮೇಷ್ಟ್ರ ಹೆಂಡತಿ, ನಲವತ್ತು ವರ್ಷ ಜೊತೆಗಿದ್ದರೂ ಇವರು ಇಷ್ಟು ಒಳ್ಳೆಯವರೆಂದು ತನಗೇ ಗೊತ್ತಿರಲಿಲ್ಲ ಎಂದರು. ಮೇಷ್ಟ್ರು ಬೇಕೆಂದೇ ಹಸ್ತಪ್ರತಿಯನ್ನು ಅದೇ ಮುದ್ರಣಾಲಯಕ್ಕೆ ಕೊಟ್ಟರು. ತಾತನ ಗಡುವು ಮುಗಿಯಲು ಮೂರೇ ದಿನ ಉಳಿದಿತ್ತು.

ಓದಿದ ಮಾಲೀಕರು ಅವಳನ್ನು ಕರೆಸಿದರು. ತಾತನೂ ಜೊತೆಗೆ ಹೋದರು. ಆದದ್ದು ಆಯಿತು, ಸೋಮವಾರದಿಂದ ಕೆಲಸಕ್ಕೆ ಬಾ ಎಂದು ಮಾಲೀಕರು ಹೇಳಿದಾಗ ತಾತ, ಸದ್ಯ ಹೋದ ಕೆಲಸ ಬಂತಲ್ಲ ಎಂದು ಉಸಿರು ಬಿಟ್ಟರು.

ಚಿಕ್ಕಮ್ಮ ಮಾತ್ರ, “ಬರ್ತೀನಿ ಸರ್, ಆದ್ರೆ ತಿದ್ದೋಕಲ್ಲ, ಅಚ್ಚಿಗೆ ಕೊಡೋಕೆ. ಇನ್ನಿಬ್ಬರು ಮೇಷ್ಟ್ರು ತಮ್ಮ ಕಥೆ ಬರಿ ಅಂತ ಕಾಯ್ತಿದ್ದಾರೆ,” ಎಂದಳು.

ವಾಪಸು ಬರುವಾಗ ತಾತ ಬಟ್ಟೆ ಅಂಗಡಿಯ ಮುಂದೆ ನಿಂತು ಮಗನನ್ನು ಹೊರಗೆ ಕರೆದರು.

“ಬೇರೆ ಯಾರನ್ನಾದ್ರೂ ನೋಡ್ಕೊಳ್ಳಪ್ಪ. ಇವಳಿಗೆ ಪುರುಸೊತ್ತಿಲ್ಲ.”