ಸತ್ತವರ ಮುಖ ಬರೆಯುತ್ತಿದ್ದ ಅಣ್ಣ

ನಮ್ಮ ಅಣ್ಣ ಗುರಪ್ಪ ಹೆಣದ ಮುಖ ನೋಡುತ್ತಿರಲಿಲ್ಲ. ಹೊಟ್ಟೆ ಹೊರೆಯುತ್ತಿದ್ದದ್ದು ಮಾತ್ರ ಸತ್ತವರಿಂದಲೇ. ನಮ್ಮವ್ವ ತೀರಿಕೊಂಡಾಗ ಅವಳಿಗೆ ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂಡಿಸಿದ್ದರು. ಇಡೀ ನಾಲತವಾಡ ಬಂದು ಮುಖ ನೋಡಿ ಹೋಯಿತು. ಹೆತ್ತ ಮಗ ಅಂಗಳದಲ್ಲಿ ಬೆನ್ನು ತಿರುಗಿಸಿ ಕುಳಿತಿದ್ದ. ಮಂದಿ ಬೈದರು.

"ಹೆಣದ ಮಾರಿ ಒಮ್ಮಿ ಕಣ್ಣಾಗ ಕುಂತ್ರ ಜೀವಂತ ಮಾರಿ ಎದ್ದು ಹೋಗತೈತಿ. ನಾ ಅವ್ವನ್ನ ಬರಿಯೂದೈತಿ," ಎಂದ.

ಬರೆದ ಕೂಡ. ಚಿತ್ರದಲ್ಲಿ ಅವ್ವ ಇನ್ನೇನು ಯಾರನ್ನೋ ಬೈಯುತ್ತಾಳೆ ಅನ್ನುವ ಹಾಗಿದ್ದಳು.

ಆಗ, ಎಪ್ಪತ್ತರ ಆಚೀಚೆ, ನಮ್ಮ ಕಡೆಯ ಹಳ್ಳಿಗಳಲ್ಲಿ ಫೋಟೊ ತೆಗೆಸಿಕೊಂಡವರು ಕಡಿಮೆ. ಮನುಷ್ಯ ಮಣ್ಣಿಗೆ ಹೋದ ಮೇಲೆ ಗೋಡೆಗೆ ತೂಗುಹಾಕಲು ಮುಖವೇ ಇಲ್ಲ. ಅಂಥ ಮನೆಗಳಿಂದ ಗುರಪ್ಪಣ್ಣನಿಗೆ ಕರೆ ಬರುತ್ತಿತ್ತು. ಸೈಕಲ್ಲಿನ ಹಿಂದೆ ಬಣ್ಣದ ಪೆಟ್ಟಿಗೆ ಕಟ್ಟಿಕೊಂಡು ಮುದ್ದೇಬಿಹಾಳ, ಬಾಗೇವಾಡಿ ತಿರುಗುತ್ತಿದ್ದ. ದೂರದ ಸಿಂದಗಿ, ಇಂಡಿ ಆದರೆ ಸೈಕಲ್ಲನ್ನೂ ಬಸ್ಸಿನ ತಲೆಯ ಮೇಲೆ ಹೇರಿಸಿಬಿಡುತ್ತಿದ್ದ.

ಅವನು ಮ್ಯಾಟ್ರಿಕ್ ಪಾಸಾದಾಗ ಅಪ್ಪ ವಿಜಾಪುರದಲ್ಲಿ ಕಾಲೇಜಿನ ವ್ಯವಸ್ಥೆ ಮಾಡಿದ್ದ. ಚಿತ್ರವೇ ಬೇಕಾದರೆ ಚಿತ್ರವನ್ನೇ ಕಲಿ, ಪಾಸಾದ ಕಾಗದ ತಗೊಂಡು ಬಾ, ಸಾಲಿಯಲ್ಲಿ ಡ್ರಾಯಿಂಗ್ ಮಾಸ್ತರನಾಗು. ಅಪ್ಪ ಹೇಳಿದ್ದು ತಪ್ಪೇನಲ್ಲ. ಅಣ್ಣ ಟ್ರಂಕು ಹೊತ್ತುಕೊಂಡು ಮುಂಜಾನೆ ಹೋದವನು ಸಂಜೆಯ ಬಸ್ಸಿಗೆ ಟ್ರಂಕಿನ ಸಮೇತ ವಾಪಸು ಬಂದ.

"ಅಲ್ಲಿ ಗಡಿಗಿ, ಬದನಿಕಾಯಿ ಇಟ್ಟು ಬರಿ ಅಂತಾರಪ. ಬದನಿಕಾಯಿ ಸತ್ರ ಅಳಾವ್ರು ಯಾರದಾರ?"

"ನೀ ಸತ್ರ ಅಳಾವ್ರು ಬೇಕಂದ್ರ ಮೊದಲ ನೌಕರಿ ಹಿಡಿ ಮಗನ. ಬಣ್ಣದ ಪೆಟಗಿ ನೋಡಿ ಯಾರು ಹೆಣ್ಣು ಕೊಡ್ತಾರ ನಿನಗ?"

"ಪಗಾರದಾಂವ ಕಟ್ಟಿದ ಎತ್ತು. ನಾ ಬಿಟ್ಟ ಎತ್ತಪ."

"ಬಿಟ್ಟ ಎತ್ತಿಗೆ ಮಂದಿ ಹೊಲದಾಗ ಬಡಿಗಿ ಬೀಳ್ತಾವ, ತಿಳ್ಕೊ."

ಅಪ್ಪನ ಮಾತೇ ನಿಜವಾಯಿತು. ಹೆಣ್ಣು ಯಾರೂ ಕೊಡಲಿಲ್ಲ. ನೋಡಲು ಹೋದ ಮನೆಗಳಲ್ಲಿ ಚಹಾ ಕೊಟ್ಟು, ನಮ್ಮ ಮುತ್ಯಾಂದು ಒಂದು ಚಿತ್ರ ಬರೆದುಕೊಡ್ರಿ ಅನ್ನುತ್ತಿದ್ದರು. ಇವನು ಬರೆದುಕೊಟ್ಟು ಬರುತ್ತಿದ್ದ.

ಅವನು ಕೆಲಸ ಮಾಡುವ ರೀತಿಯನ್ನು ನಾನು ಸಿಂದಗಿಯಲ್ಲಿ ನನ್ನ ಗಂಡನ ಸೋದರಮಾವ ತೀರಿಕೊಂಡಾಗ ಕಣ್ಣಾರೆ ನೋಡಿದೆ. ದಿನಕರ್ಮ ಮುಗಿದ ಮೇಲೆ ಬಂದ. ಮಕ್ಕಳು ಮೊಮ್ಮಕ್ಕಳನ್ನೆಲ್ಲ ಪಡಸಾಲೆಯಲ್ಲಿ ಸಾಲಾಗಿ ಕೂಡಿಸಿದ. ಯಜಮಾನರ ಮೂಗು ಯಾರಿಗೆ ಬಂದಿದೆ, ಗದ್ದ ಯಾರಿಗೆ ಬಂದಿದೆ ಅಂತ ಕೇಳಿದ.

"ಮೂಗು ನಂದ ತಗೋರಿ," ಅಂದ ಹಿರಿಮಗ.

"ಹೂಂ, ತಗೋರಿ. ಮೂಗಿಗೇರ್ಸೂ ತಪಕೀರಿನ ಡಬ್ಬಿನೂ ಸಂಗಾಟ ಬರತೈತಿ," ಅಂದಳು ಅವನ ತಂಗಿ.

ದುಃಖದ ಮನೆಯಲ್ಲಿ ನಗು ಎದ್ದಿತು. ಮೂಲೆಯಲ್ಲಿದ್ದ ಯಜಮಾನರ ಮುದುಕಿ ಹೆಂಡತಿಯ ಹತ್ತಿರ ಅಣ್ಣ ಹೋಗಿ ನೆಲಕ್ಕೇ ಕುಳಿತ. "ಯವ್ವಾ, ಸಿಟ್ಟು ಬಂದಾಗ ಯಜಮಾನ್ರು ಹೆಂಗ ಕಾಣ್ತಿದ್ರಿ?"

"ಸಿಟ್ಟು ಬಂದಾಗ ಮಾರಿ ನೋಡೂ ಧೈರ್ಯ ಯಾರಿಗಿತ್ತಪ್ಪ?" ಅಂದಳು ಮುದುಕಿ. ಆಮೇಲೆ ಬಾಯಿ ಬಿಟ್ಟಳು. ಕೆಳತುಟಿಯನ್ನು ಹಲ್ಲಿನಲ್ಲಿ ಹಿಡಿಯುತ್ತಿದ್ದರಂತೆ. ಹೊತ್ತು ಮುಳುಗುವ ತನಕ ಹೇಳಿದಳು. ಅಣ್ಣ ಒಂದು ಗೆರೆಯನ್ನೂ ಎಳೆಯದೆ ಕೇಳಿದ. ಮುಂದೆ ಚಿತ್ರ ಬಂದ ದಿನ ಮುದುಕಿ ಅದನ್ನು ನೋಡಿದ್ದೇ ತಡ, ತಲೆಯ ಮೇಲೆ ಸೆರಗು ಎಳೆದುಕೊಂಡಳು. ಅಣ್ಣ ನನ್ನ ಕಡೆ ತಿರುಗಿ, "ನೋಡು ತಂಗಿ, ಪಾಸಾದೆ," ಎಂದ. ಅವತ್ತು ಅವನ ಮುಖದಲ್ಲಿದ್ದ ಖುಷಿಯನ್ನು ನಾನು ಮತ್ತೆ ನೋಡಲಿಲ್ಲ.

ನನ್ನನ್ನು ಕೊಟ್ಟದ್ದು ಗೊಳಸಂಗಿಗೆ. ಆ ಕಡೆ ಬಂದಾಗೆಲ್ಲ ಅಣ್ಣ ನಮ್ಮ ಮನೆಗೆ ಬರುತ್ತಿದ್ದ. ಬಂದರೆ ನನ್ನ ಮಗಳು ನೀಲವ್ವ ಅವನ ಸೈಕಲ್ಲಿನ ಮೇಲೆಯೇ. ಬಣ್ಣದ ಪೆಟ್ಟಿಗೆಯಲ್ಲಿ ಕೈ ಹಾಕಿ ಲಂಗ ಕೆಡಿಸಿಕೊಂಡು ನನ್ನಿಂದ ಏಟು ತಿನ್ನುವಳು. ಸಾಲಿಗೆ ಹಾಕಬೇಕು ಅನ್ನುವ ವರ್ಷ ಜ್ವರ ಬಂತು. ಬಾಗೇವಾಡಿಯ ದವಾಖಾನೆಗೆ ಒಯ್ದೆವು. ಉಳಿಯಲಿಲ್ಲ.

ಅವತ್ತು ಅಣ್ಣ ಬೆನ್ನು ತಿರುಗಿಸಿ ಕೂರಲಿಲ್ಲ. ನೆಟ್ಟಗೆ ಒಳಗೆ ಬಂದು ಅವಳನ್ನು ಎತ್ತಿಕೊಂಡ. ಸೋದರಮಾವ ಅಲ್ಲವೇ, ಯಾರೂ ತಡೆಯಲಿಲ್ಲ. ಮಣ್ಣಿನ ತನಕ ಅವನೇ ಎತ್ತಿಕೊಂಡು ಹೋದ, ದಾರಿಯುದ್ದಕ್ಕೂ ಆ ಮುಖವನ್ನೇ ನೋಡುತ್ತ.

ಕೆಲವು ದಿನ ಬಿಟ್ಟು ನಾನು ಕೇಳಿದೆ. "ಯಣ್ಣಾ, ಊರ ಮಂದಿಗೆಲ್ಲ ಬರದಕೊಡ್ತಿ. ನನಗ ನನ್ನ ಕೂಸು ಬೇಕು."

"ತರ್ತೇನಿ," ಎಂದ.

ನಾನು ಅವನ ಮುಂದೆ ಹೋಗಿ ಕುಳಿತೆ. ಹೇಳುವುದು ಬಹಳ ಇತ್ತು. ಅಣ್ಣ ಕೈ ಅಡ್ಡ ಮಾಡಿದ. "ನನಗ ಗೊತ್ತಿಲ್ಲೇನ ನಮ್ಮ ನೀಲಿ? ನೀ ಏನೂ ಹೇಳಬ್ಯಾಡ."

ತಿಂಗಳುಗಟ್ಟಲೆ ಬರೆದ, ಹರಿದ. ಬೇರೆ ಮನೆಗಳ ಕೆಲಸ ಹಾಗೇ ಬಿತ್ತು. ಕಡೆಗೆ ಒಂದು ಮಧ್ಯಾಹ್ನ, ಧೋತರದಲ್ಲಿ ಸುತ್ತಿದ ಚಿತ್ರ ತಂದು ಪಡಸಾಲೆಯಲ್ಲಿ ಇಟ್ಟ. ನಮ್ಮತ್ತೆ ನೋಡಿದವಳೇ ಗೊಳೋ ಎಂದು ಅತ್ತಳು. "ಅಯ್ಯ ನನ್ನ ಕೂಸ! ಥೇಟ್ ನೀಲವ್ವನ ಐತಲ್ಲೋ ಗುರಪ್ಪ!" ಓಣಿಯ ಹೆಂಗಸರೂ ಹೌದು ಹೌದು ಅಂದರು.

ನಾನು ಹತ್ತಿರ ಹೋಗಿ ನೋಡಿದೆ. ನನ್ನ ಬಲಹುಬ್ಬಿನ ತುದಿ ಸಣ್ಣವಳಿದ್ದಾಗ ಒಲೆಯ ಕೊಳ್ಳಿ ತಾಗಿ ಸುಟ್ಟದ್ದು, ಅಲ್ಲಿ ಕೂದಲಿಲ್ಲ. ಚಿತ್ರದ ಹುಡುಗಿಗೂ ಅಲ್ಲಿ ಕೂದಲಿರಲಿಲ್ಲ. ಗದ್ದವೂ ನನ್ನದೇ, ಚೂಪು. ನೀಲವ್ವನದು ಅವಳಪ್ಪನ ಹಾಗೆ ಅಗಲ ಮುಖ.

ಹೆಂಗಸರು ಎದ್ದುಹೋದ ಮೇಲೆ ಅಂದೆ, "ಯಣ್ಣಾ, ಇದು ನಾನು."

ಅಣ್ಣ ಬಹಳ ಹೊತ್ತು ನೋಡಿದ. ಒಮ್ಮೆ ಚಿತ್ರ, ಒಮ್ಮೆ ನನ್ನ ಮುಖ. ಹೊಸ್ತಿಲ ಮೇಲೆ ಕುಳಿತ. "ಆಕಿ ಮಾರಿ ಬರ್ಲಿಲ್ಲ ತಂಗಿ. ಕಣ್ಣು ಮುಚ್ಚಿದ್ರ ಅವತ್ತಿನ ಹೆಣದ ಮಾರಿನ ಬರ್ತಿತ್ತು. ಅದನ್ನ ದಾಟಿ ಹಿಂದಕ್ಕ ಹೋಗೇನಿ, ಅಲ್ಲಿ ಸಣ್ಣಾಕಿ ನೀ ಇದ್ದಿ."

ಆಮೇಲೆ ಅವನಿಗೆ ಬೇರೆಯದೇ ದಿಗಿಲು ಹತ್ತಿತು. "ಹಂಗಾದ್ರ ಇಂಡ್ಯಾಗ, ಸಿಂದಗ್ಯಾಗ ನಾ ಬರದ್ದು ಯಾರ್ನ? ಮಂದಿ ದಿನಾ ಮುಂಜಾನೆ ಎದ್ದು ಯಾರಿಗೆ ಕೈ ಮುಗ್ಯಾಕತ್ತಾರ?"

"ಅವ್ರು ಒಪ್ಪ್ಯಾರಲ್ಲ, ನಿನಗೇನು?"

"ನಿಮ್ಮತ್ತಿನೂ ಒಪ್ಪಿದ್ಳು," ಎಂದ.



ಅಲ್ಲಿಗೆ ಮುಖ ಬರೆಯುವುದನ್ನು ಬಿಟ್ಟ. ಬಾಗೇವಾಡಿಯಲ್ಲಿ ಅಂಗಡಿಯ ಬೋರ್ಡು, ಲಾರಿಯ ನಂಬರು ಬರೆದುಕೊಂಡಿದ್ದ. ಕರೆಯಲು ಬಂದವರಿಗೆ, ಕೈ ನಡುಗುತ್ತದೆ ಅಂತ ಸುಳ್ಳು ಹೇಳಿ ಕಳಿಸುತ್ತಿದ್ದ. ಕಾಲೇಜಿಗೆ ಹೋಗಿದ್ದರೆ ಸಾಲಿಯಲ್ಲಿ ಬದನೆಕಾಯಿ ಬರೆಸಿಕೊಂಡು ಪಿಂಚಣಿ ತಿನ್ನುತ್ತಿದ್ದ ಅಂತ ಅಪ್ಪ ಕಡೆಯವರೆಗೂ ಅಂದ. ಇರಬಹುದು. ಆದರೆ ಸಿಂದಗಿಯ ಆ ಮುದುಕಿ ಸೆರಗು ಎಳೆದುಕೊಳ್ಳುತ್ತಿರಲಿಲ್ಲ.

ಚಿತ್ರ ಇಳಿಸು ಅಂತ ಅಣ್ಣ ಎಷ್ಟೋ ಸಲ ಹೇಳಿದ. ನಾನು ಇಳಿಸಲಿಲ್ಲ. ಈಗಲೂ ಗೋಡೆಯ ಮೇಲಿದೆ. ನನ್ನ ಮಗನ ಮಕ್ಕಳು ನೀಲತ್ತಿ ಅಂತ ಕೈ ಮುಗಿಯುತ್ತಾರೆ.

ಅಣ್ಣ ಕಾಮಾಲೆಯಾಗಿ ಹೋದ. ನಾನು ನಾಲತವಾಡ ಮುಟ್ಟುವುದರೊಳಗೆ ಗೋಡೆಗೆ ಒರಗಿಸಿ ಕೂಡಿಸಿದ್ದರು. ನಾನು ಮುಖ ನೋಡಿದೆ. ನನಗೇನೂ ಬರೆಯುವುದಿರಲಿಲ್ಲ.

ಮರುವರ್ಷ ನಾನು ತವರಿಗೆ ಹೋಗಿದ್ದಾಗ ಇಂಡಿಯ ಕಡೆಯ ಒಬ್ಬ ಹೆಂಗಸು ಬಂದಳು. ಹಣೆ ಬೋಳಾಗಿತ್ತು. "ಗುರಪ್ಪ ಮಾಸ್ತರು ಅದಾರೇನ್ರಿ?" ಅಂದಳು. ತೀರಿಕೊಂಡ ಅಂದೆ. ಕಟ್ಟೆಯ ಮೇಲೆ ಕುಳಿತುಬಿಟ್ಟಳು.

"ಹಂಗಾರ ನಮ್ಮ ಮನಿಯವ್ರನ್ನ ಯಾರಿಗೆ ಹೇಳ್ಲಿ ಯವ್ವಾ? ದಾರಿಗುಂಟ ನೆನಪು ಮಾಡ್ಕೋತ ಬಂದೇನಿ."

"ನನಗ ಬರಿಯಾಕ ಬರೂದಿಲ್ಲವ್ವ."

"ಬರೀಬ್ಯಾಡ್ರಿ. ಕೇಳ್ರಿ."

ನೀರು ಕೊಟ್ಟು ಎದುರಿಗೆ ಕುಳಿತೆ. ಹೇಳಿದಳು. ಎಲೆ ಜಗಿದು ಜಗಿದು ಒಂದು ಕಡೆ ಉಬ್ಬಿದ ಕೆನ್ನೆ. ತಲೆಗಿಂತ ಮೊದಲು ಬೆಳ್ಳಗಾದ ರೆಪ್ಪೆಗಳು. ನಕ್ಕರೆ ಕಣ್ಣು ಪೂರ್ತಿ ಮುಚ್ಚಿಹೋಗಿ, ನಗು ಮುಗಿಯುವ ತನಕ ಗೋಡೆ ಹಿಡಿದು ನಿಲ್ಲುತ್ತಿದ್ದನಂತೆ. ಎಲ್ಲ ಹೇಳಿ, ಸೆರಗಿನಲ್ಲಿ ಮುಖ ಒರೆಸಿಕೊಂಡು, ಬಸ್ಸಿಗೆ ಹೊತ್ತಾಯಿತು ಅಂತ ಎದ್ದು ಹೋದಳು.

ಅವಳ ಗಂಡನ ಮುಖ ಇವತ್ತಿಗೂ ನನ್ನ ಕಣ್ಣ ಮುಂದೆ ನಿಲ್ಲುತ್ತದೆ. ನನ್ನ ಮಗಳದು ನಿಲ್ಲುವುದಿಲ್ಲ.